ಓದದೆ ಹಾಕಿದ ಸಹಿ

ಮಾನ್ಯ ಶಿಕ್ಷಣಾಧಿಕಾರಿಗಳೇ,

ಕಳೆದ ತಿಂಗಳ ಎರಡನೆಯ ಬುಧವಾರ ನಿಮ್ಮ ಕಚೇರಿಯಲ್ಲಿ, ಕಿಟಕಿ ಪಕ್ಕದ ಮೂರನೆಯ ಮೇಜಿನ ಮುಂದೆ ನಿಂತು, ನಾನೊಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದೇನೆ. ಸಹಿ ನನ್ನದೇ, ಸಂಶಯ ಬೇಡ. ಆದರೆ ಆ ಸಹಿಯನ್ನು, ಪತ್ರಿಕೆಗೂ ಕಳಿಸುತ್ತಿರುವ ಈ ಪತ್ರದ ಮೂಲಕ, ನಾಲ್ಕು ಜನರ ಎದುರಿಗೆ, ವಾಪಸು ಪಡೆಯುತ್ತಿದ್ದೇನೆ. ಅದರ ಬಲದ ಮೇಲೆ ನೀವು ನನ್ನ ಒಂಬತ್ತು ವರ್ಷದ ಮಗಳನ್ನು ಬರುವ ಸೋಮವಾರ ಅವಳ ಶಾಲೆಯಿಂದ ಬಿಡಿಸಿ, ಊರಾಚೆ ಇರುವ ವಿಶೇಷ ಕಲಿಕಾ ಕೇಂದ್ರಕ್ಕೆ ಸಾಗಹಾಕಲು ಹೊರಟಿದ್ದೀರಿ. ಅವಳು ಹೋಗುವುದಿಲ್ಲ. ಯಾಕೆ ಎಂದು ಕೇಳುವ ಪದ್ಧತಿ ನಿಮ್ಮ ಕಚೇರಿಯಲ್ಲಿಲ್ಲ. ಆದರೂ ಹೇಳುತ್ತೇನೆ, ಪುರಸೊತ್ತು ಮಾಡಿಕೊಂಡು ಕೇಳಬೇಕು.

ನಾನು ಬೋರ್ಡು ಬರೆಯುವವನು. ಇಪ್ಪತ್ತಾರು ವರ್ಷದಿಂದ ಇದೇ ಕಸುಬು. ಹೊಲಿಗೆ ಅಂಗಡಿ, ಹಲ್ಲಿನ ಡಾಕ್ಟರು, ಬೀಗ ರಿಪೇರಿ, ಇಲ್ಲಿ ವಾಹನ ನಿಲ್ಲಿಸಬಾರದು, ಇಲ್ಲಿ ಉಗುಳಬಾರದು, ಎಲ್ಲ ನನ್ನ ಕೈಯವೇ. ಯಂತ್ರದಲ್ಲಿ ಅಚ್ಚಾದ ಪ್ಲಾಸ್ಟಿಕ್ ಬ್ಯಾನರುಗಳು ಬಂದ ಮೇಲೆ ಕೆಲಸ ಅರ್ಧಕ್ಕರ್ಧ ಇಳಿದಿದೆ. ಗೋಡೆಗಳು, ಲಾರಿಯ ಬೆನ್ನುಗಳು, ಸರ್ಕಾರಿ ಕಟ್ಟಡಗಳು ಮಾತ್ರ ಇನ್ನೂ ಕೈಬಿಟ್ಟಿಲ್ಲ. ನಿಮ್ಮ ಕಚೇರಿಯ ಹೊರಗೋಡೆಯ ಮೇಲೆ ‘ಪ್ರತಿ ಮಗುವೂ ಕಲಿಯಬಲ್ಲದು’ ಎಂದು ಒಂದಡಿ ಎತ್ತರದ ನೀಲಿ ಅಕ್ಷರ ಬರೆದವನೂ ನಾನೇ. ಎರಡು ದಿನ ಏಣಿಯ ಮೇಲೆ ನಿಂತು ಸೊಂಟ ಹಿಡಿದುಹೋಗಿತ್ತು. ಸಾಲು ನೇರ ಇದೆಯೇ ಎಂದು ರಸ್ತೆಯಾಚೆಯಿಂದ ನೋಡಿದ್ದೆ. ಮಾತು ನಿಜವೇ ಎಂದು ನೋಡುವುದು ಆಗ ನನ್ನ ಕೆಲಸವಾಗಿರಲಿಲ್ಲ. ಈಗ ಆಗಿದೆ.

ನನ್ನ ಮಗಳನ್ನು ನಾವು ಬುಗುರಿ ಎಂದು ಕರೆಯುತ್ತೇವೆ. ಒಂದು ಕಡೆ ನಿಂತವಳಲ್ಲ. ಮೂರನೇ ತರಗತಿ. ಓದು ಅವಳಿಗೆ ಕಷ್ಟ, ಇದನ್ನು ನಾನು ಮುಚ್ಚಿಡುವುದಿಲ್ಲ. ಪುಸ್ತಕ ತೆರೆದರೆ ಅಕ್ಷರಗಳೆಲ್ಲ ಒಂದರ ಮೇಲೊಂದು ಬೀಳುತ್ತವೆ ಎನ್ನುತ್ತಾಳೆ. ಒಂದು ಪದ ಓದುವಷ್ಟರಲ್ಲಿ ಹಿಂದಿನ ಪದ ಕೈಜಾರಿರುತ್ತದೆ. ಹಾಗಂತ ಮನೆಯಲ್ಲಿ ಒಬ್ಬ ಮಹಾ ಪ್ರತಿಭೆ ಅಡಗಿ ಕೂತಿದ್ದಾಳೆ, ನೀವು ಗುರುತಿಸಲಿಲ್ಲ ಎಂದು ವಾದಿಸಲು ನಾನು ಬಂದಿಲ್ಲ. ಅಂಥ ಕತೆಗಳನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಓದಲು ಬಾರದ ಮಗು ಚಿತ್ರ ಬರೆದು ಬಹುಮಾನ ಗೆದ್ದರೆ ಮಾತ್ರ ಅದಕ್ಕೆ ಬೆಂಚಿನ ಮೇಲೆ ಜಾಗವೇ? ಬುಗುರಿ ಚಿತ್ರ ಬರೆಯುವುದು ಅಷ್ಟಕ್ಕಷ್ಟೇ. ಹಾಡಿದರೆ ನೆರೆಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ. ಅವಳು ಸಾಧಾರಣ ಮಗು, ಓದು ಕಷ್ಟವಾಗಿರುವ ಸಾಧಾರಣ ಮಗು. ಅಂಥವರಿಗಾಗಿಯೇ ಶಾಲೆ ಕಟ್ಟಿದ್ದು ಎಂದು ನಾನು ತಿಳಿದಿದ್ದೆ.

ಈಗ ನಿಮ್ಮ ಪರೀಕ್ಷೆಯ ವಿಷಯಕ್ಕೆ ಬರೋಣ. ಶಾಲೆಗೆ ನಿಮ್ಮ ಕಡೆಯ ತಜ್ಞರೊಬ್ಬರು ಬಂದರು. ಕರಿಹಲಗೆಯ ಮೇಲೆ ಐದು ವಾಕ್ಯ ಬರೆದರು, ಹತ್ತು ನಿಮಿಷದಲ್ಲಿ ನೋಡಿಕೊಂಡು ಬರೆಯಿರಿ ಎಂದರು. ಹತ್ತು ನಿಮಿಷದ ನಂತರ ನನ್ನ ಮಗಳ ಹಾಳೆಯಲ್ಲಿ ಇದ್ದದ್ದು ಐದು ಸಾಲು ತಲೆಕಟ್ಟು. ಬರೀ ತಲೆಕಟ್ಟು. ಕೆಳಗೆ ಅಕ್ಷರವೇ ಇಲ್ಲ. ಮೊದಲ ಸಾಲಿನಲ್ಲಿ ಮಾತ್ರ ಒಂದೆರಡು ಅಕ್ಷರಕ್ಕೆ ಮೈ ಬಂದಿತ್ತು, ಅಷ್ಟರಲ್ಲಿ ಗಂಟೆ ಹೊಡೆಯಿತು. ತಜ್ಞರು ಕೆಂಪು ಶಾಯಿಯಲ್ಲಿ ಷರಾ ಬರೆದರು: ‘ಮಗುವಿಗೆ ಅಕ್ಷರದ ಕಲ್ಪನೆಯೇ ಇಲ್ಲ.’

ಸ್ವಾಮಿ, ಆ ತಪ್ಪು ನನ್ನದು. ನಮ್ಮ ಕಸುಬಿನಲ್ಲಿ ಬರೆಯುವ ಕ್ರಮವೇ ಹಾಗೆ. ಗೋಡೆಯ ಮೇಲೆ ದಾರಕ್ಕೆ ಸೀಮೆಸುಣ್ಣದ ಪುಡಿ ಸವರಿ, ಎಳೆದು ಬಿಟ್ಟು, ಗೆರೆ ಮೂಡಿಸಿಕೊಳ್ಳುತ್ತೇವೆ. ಆಮೇಲೆ ಚಪ್ಪಟೆ ಬ್ರಷ್ ಹಿಡಿದು, ಈ ತುದಿಯಿಂದ ಆ ತುದಿಯವರೆಗೆ, ಎಲ್ಲ ಅಕ್ಷರಗಳ ತಲೆಕಟ್ಟನ್ನು ಮೊದಲು ಹಾಕಿಬಿಡುತ್ತೇವೆ. ಕೈ ಒಂದೇ ಓರೆಯಲ್ಲಿ ಓಡುತ್ತದೆ, ಸಾಲು ಹದವಾಗಿ ಕೂರುತ್ತದೆ. ಮೈ ತುಂಬುವುದು ಆಮೇಲೆ. ನನ್ನ ಗುರುಗಳು ನನಗೆ ಕಲಿಸಿದ್ದು ಹೀಗೆ, ನಾನು ಮಗಳಿಗೆ ಕಲಿಸಿದ್ದೂ ಹೀಗೆ. ಶಾಲೆಯಲ್ಲಿ ಬರುತ್ತಿಲ್ಲ, ಮನೆಯಲ್ಲಾದರೂ ಕೈ ತಿರುಗಲಿ ಎಂದು ತಗಡಿನ ತುಂಡು ಕೊಟ್ಟು ಒಂದು ವರ್ಷ ಕೂರಿಸಿಕೊಂಡು ಬರೆಸಿದ್ದೆ. ಮೂರನೇ ತರಗತಿಯ ನೋಟ್‌ಬುಕ್ಕು ಅಂಗಡಿಯ ಗೋಡೆಯಲ್ಲ, ಹತ್ತು ನಿಮಿಷ ಎರಡು ದಿನವಲ್ಲ ಎಂಬುದು ನನ್ನ ಮಂದ ತಲೆಗೆ ಹೊಳೆಯಲಿಲ್ಲ.

ಆದರೆ ಆ ಹಾಳೆಯನ್ನು, ಅವಳ ಟೀಚರು ಬರೆದುಕೊಟ್ಟ ಆ ಐದು ವಾಕ್ಯಗಳ ಪಕ್ಕ ಇಟ್ಟು, ನಾನು ನೋಡಿದ್ದೇನೆ. ಯಾವ ಅಕ್ಷರಕ್ಕೆ ತಲೆಕಟ್ಟಿಲ್ಲವೋ ಅಲ್ಲಿ ಅವಳು ಸರಿಯಾಗಿ ಜಾಗ ಬಿಟ್ಟಿದ್ದಳು. ಪದಪದದ ನಡುವೆ ಎಷ್ಟು ಅಂತರ ಬೇಕೋ ಅಷ್ಟು. ಐದು ಸಾಲಿನಲ್ಲಿ ಒಂದೇ ಒಂದು ಕಡೆ ತಪ್ಪಿದ್ದಳು. ಅಕ್ಷರದ ಕಲ್ಪನೆ ಇಲ್ಲದ ಮಗು ಹಾಗೆ ಲೆಕ್ಕ ಹಾಕಿ ಜಾಗ ಬಿಡುತ್ತದೆಯೇ? ತಜ್ಞರು ಬಗ್ಗಿ, ‘ಇದೇನಮ್ಮಾ ಹೀಗೆ ಬರ್ದಿದ್ದೀಯ?’ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಅವಳು ಬಾಯಿ ಬಿಟ್ಟರೆ ನಿಲ್ಲಿಸುವವಳಲ್ಲ, ಗೋಡೆ, ದಾರ, ಸೀಮೆಸುಣ್ಣ ಎಲ್ಲ ವಿವರಿಸುತ್ತಿದ್ದಳು. ಆ ಒಂದು ಮಾತಿಗೆ ನಿಮ್ಮ ನಮೂನೆಯಲ್ಲಿ ಕಾಲಂ ಇರಲಿಲ್ಲವಂತೆ.

ಇದಾದ ವಾರಕ್ಕೆ ನಿಮ್ಮ ಕಚೇರಿಯಿಂದ ಕರೆ ಬಂತು. ನನ್ನ ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಅವತ್ತು ರಜೆ ಸಿಗಲಿಲ್ಲ. ನಾನು ಬುಗುರಿಯ ಕೈ ಹಿಡಿದುಕೊಂಡು ಹೋದೆ. ಮೂರನೆಯ ಮೇಜಿನ ಗುಮಾಸ್ತರು ಎರಡು ಪುಟದ ಕಾಗದ ಮುಂದೆ ತಳ್ಳಿದರು. ‘ಇದೇನು ಸಾರ್?’ ಎಂದೆ. ‘ಏನಿಲ್ಲ, ನಿಮ್ ಮಗೂಗೆ ಎಕ್ಸ್‌ಟ್ರಾ ನೆರವು ಕೊಡೋದಕ್ಕೆ ಒಪ್ಪಿಗೆ. ಓದಿ ಸಹಿ ಹಾಕಿ’ ಎಂದರು. ನಾನು ಕಾಗದ ಎತ್ತಿಕೊಂಡೆ. ಮೊದಲ ಪುಟ ನೋಡಿದೆ. ಹುಬ್ಬು ಗಂಟಿಕ್ಕಿದೆ. ಎರಡನೆಯ ಪುಟ ತಿರುವಿದೆ. ಆಮೇಲೆ ಜೇಬು ತಡಕಿ, ‘ಛೆ, ಕನ್ನಡಕ ಮನೇಲೇ ಬಿಟ್‌ ಬಂದೆ’ ಎಂದೆ. ಪಕ್ಕದಲ್ಲಿ ನಿಂತಿದ್ದ ಬುಗುರಿ ಮೆಲ್ಲಗೆ, ‘ಅಪ್ಪಾ, ನಿಂಗೆ ಕನ್ನಡಕಾನೇ ಇಲ್ವಲ್ಲ’ ಎಂದಳು. ನಾನು ಕಣ್ಣು ಬಿಟ್ಟೆ. ಅವಳು ಬಾಯಿ ಮುಚ್ಚಿಕೊಂಡಳು. ನಾನು ಸಹಿ ಹಾಕಿದೆ.

ಬರೆಯುವುದನ್ನು ಇಲ್ಲಿ ನನ್ನ ಹೆಂಡತಿ ನಿಲ್ಲಿಸಿದ್ದಾಳೆ. ಹೌದು, ಈ ಪತ್ರ ನಾನು ಹೇಳುತ್ತಿದ್ದೇನೆ, ಬರೆಯುತ್ತಿರುವವಳು ಅವಳು. ‘ಇದನ್ನ ಬಿಟ್ಬಿಡೋಣ ರೀ, ಪೇಪರಲ್ಲಿ ಬಂದ್ರೆ ಜನ ಏನಂತಾರೆ? ನಾಳೆ ಯಾರು ಬೋರ್ಡ್ ಬರೆಸ್ತಾರೆ?’ ಎನ್ನುತ್ತಿದ್ದಾಳೆ. ಬರಿ ಎಂದಿದ್ದೇನೆ. ಬರೆಯದಿದ್ದರೆ ಈ ಪತ್ರಕ್ಕೆ ಅರ್ಥವೇ ಇಲ್ಲ.

ಬರೆದಾಯಿತು, ಓದಿಕೊಳ್ಳಿ: ನನಗೆ ಓದಲು ಬರುವುದಿಲ್ಲ. ಅಕ್ಷರ ಒಂದೊಂದಾಗಿ ತೋರಿಸಿದರೆ ಗುರುತಿಸುತ್ತೇನೆ, ಯಾವ ಅಳತೆಗೆ ಬೇಕಾದರೂ ಬರೆಯುತ್ತೇನೆ. ಗಿರಾಕಿ ಚೀಟಿ ಕೊಟ್ಟರೆ ಚೀಟಿಯಲ್ಲಿದ್ದ ಆಕಾರವನ್ನು ಗೋಡೆಗೆ ಏರಿಸುತ್ತೇನೆ. ಆದರೆ ಅಕ್ಷರಗಳು ಸಾಲಾಗಿ ನಿಂತರೆ ಗುಂಪಿನಲ್ಲಿ ಮುಖ ಮರೆತಂತೆ ಆಗುತ್ತದೆ. ನಾಲ್ಕನೇ ತರಗತಿಯಲ್ಲಿ ಒಬ್ಬ ಮೇಷ್ಟ್ರು ‘ಇವನ ತಲೆಯಲ್ಲಿ ಏನೂ ಇಲ್ಲ’ ಎಂದು ಇಡೀ ಕೋಣೆಯ ಮುಂದೆ ಹೇಳಿದರು. ಮರುದಿನದಿಂದ ನಾನು ಶಾಲೆಗೆ ಹೋಗಲಿಲ್ಲ. ಯಾರೂ ಹುಡುಕಿಕೊಂಡೂ ಬರಲಿಲ್ಲ. ಆವತ್ತಿನಿಂದ ಕನ್ನಡಕ ಮರೆತಿದ್ದೇನೆ, ಬೆಳಕು ಸಾಲದು, ಕೈಗೆ ಬಣ್ಣ ಆಗಿದೆ ನೀವೇ ಓದಿ ಹೇಳಿ, ಎಂದು ಸುಳ್ಳು ಹೇಳಿಕೊಂಡೇ ಈ ವಯಸ್ಸಿಗೆ ಬಂದಿದ್ದೇನೆ. ಅಬ್ಬಾ, ಎಷ್ಟು ಸುಸ್ತಾಗುತ್ತದೆ ಗೊತ್ತೇ ನಿಮಗೆ? ಬಿಸಿಲಲ್ಲಿ ಏಣಿ ಹತ್ತಿದರೂ ಅಷ್ಟು ಸುಸ್ತಾಗುವುದಿಲ್ಲ.

ನಿಮ್ಮ ಆದೇಶ ಮನೆಗೆ ಬಂದ ದಿನ ಹೆಂಡತಿ ಬಾಗಿಲಲ್ಲೇ ಚಪ್ಪಲಿ ಬಿಡುತ್ತಾ ಅದನ್ನು ಓದಿದಳು. ಒಂದು ಚಪ್ಪಲಿ ಕಾಲಲ್ಲೇ ಉಳಿಯಿತು. ‘ಶಾಲೆಯಿಂದ ತೆಗೆದು ಕೇಂದ್ರಕ್ಕೆ ಹಾಕ್ತಾರಂತೆ. ಪೋಷಕರ ಲಿಖಿತ ಒಪ್ಪಿಗೆ ಮೇರೆಗೆ ಅಂತ ಬರ್ದಿದೆ. ಏನ್ರೀ ಇದು? ನೀವು ಒಪ್ಪಿಗೆ ಕೊಟ್ರಾ?’ ಎಕ್ಸ್‌ಟ್ರಾ ನೆರವು ಅಂದ್ರು ಕಣೇ ಎಂದೆ. ಓದ್ಲಿಲ್ವಾ ಎಂದಳು. ನಂಗೆ ಓದೋಕೆ ಬರಲ್ಲ ಎಂದೆ. ಹನ್ನೊಂದು ವರ್ಷ ಮುಚ್ಚಿಟ್ಟಿದ್ದ ಮಾತು. ಆಕಾಶ ಕಳಚಿ ಬೀಳುತ್ತದೆ ಎಂದುಕೊಂಡಿದ್ದೆ. ಅವಳು, ‘ಅದು ನಂಗೊತ್ತು. ಮದುವೆಯಾದ ತಿಂಗಳಿಗೇ ಗೊತ್ತು. ನೀವು ಪೇಪರ್ ತಿರುವೋ ಸ್ಪೀಡಿಗೆ ಯಾರೂ ಓದೋಕಾಗಲ್ಲ. ನೀವಾಗೇ ಹೇಳ್ಲಿ ಅಂತ ಕಾಯ್ತಿದ್ದೆ’ ಎಂದಳು. ಡಾಕ್ಟರರ ಚೀಟಿಯನ್ನೇ ಓದಬಲ್ಲವಳು, ನನ್ನ ಮುಖ ಓದುವುದು ಕಷ್ಟವೇ?

ಆಗ ಬುಗುರಿ ಒಳಗಿನಿಂದ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. ‘ಅಪ್ಪಾ, ನಿಂಗೂ ಬರಲ್ವಾ?’ ಎಂದಳು. ‘ಇಲ್ಲ ಮಗಳೇ’ ಎಂದೆ. ಅವಳು ಹತ್ತಿರ ಬಂದು ನಿಂತಳು. ‘ಮತ್ತೆ ನಂಗ್ಯಾಕೆ ಬೈತಿದ್ದೆ?’

ಮಾನ್ಯರೇ, ನಿಮ್ಮ ಮೇಲೆ ಇಷ್ಟೆಲ್ಲ ಹಾರಾಡುತ್ತಿರುವ ನಾನೂ ತಪ್ಪಿತಸ್ಥನೇ. ನಾನು ಅವಳಿಗೆ ಬೈದಿದ್ದೇನೆ. ಪುಸ್ತಕ ಎಸೆದಿದ್ದೇನೆ. ಒಂದು ಸಲ ಕೈಯೂ ಎತ್ತಿದ್ದೇನೆ. ಅವಳು ತಡವರಿಸುವಾಗ ನನಗೆ ಕಾಣುತ್ತಿದ್ದುದು ಅವಳಲ್ಲ, ನಾಲ್ಕನೇ ತರಗತಿಯಲ್ಲಿ ನಿಂತಿದ್ದ ನಾನು. ಅದು ಹೆದರಿಕೆ, ಕೋಪದ ವೇಷ ಹಾಕಿಕೊಂಡು ಬರುತ್ತಿತ್ತು. ನನಗೆ ನಾಚಿಕೆಯಾಗುತ್ತದೆ, ಅವಳ ಕ್ಷಮೆ ಕೇಳಿದ್ದೇನೆ. ನಿಮ್ಮ ಇಲಾಖೆ ಯಾರ ಕ್ಷಮೆಯನ್ನಾದರೂ ಕೇಳಿದ ದಾಖಲೆ ಇದ್ದರೆ ದಯವಿಟ್ಟು ತಿಳಿಸಬೇಕು, ಅದನ್ನು ಉಚಿತವಾಗಿ ಬೋರ್ಡಿಗೆ ಬರೆದುಕೊಡುತ್ತೇನೆ.

ಮರುದಿನ ನಾನೂ ಹೆಂಡತಿಯೂ ನಿಮ್ಮ ಕೇಂದ್ರವನ್ನು ನೋಡಲು ಹೋದೆವು. ಬಸ್ಸಿನ ಕೊನೆಯ ನಿಲ್ದಾಣದಲ್ಲಿ ಇಳಿದು, ಗೋದಾಮುಗಳ ಹಿಂದೆ ಅಷ್ಟು ದೂರ ನಡೆಯಬೇಕು. ಎರಡು ಕೋಣೆ. ಹದಿನೇಳು ಮಕ್ಕಳು. ಒಬ್ಬರಿಗೆ ಕಿವಿ ಕೇಳದು, ಒಬ್ಬರಿಗೆ ಮಾತು ನಿಧಾನ, ಇಬ್ಬರಿಗೆ ನನಗೆ ಕಂಡ ಮಟ್ಟಿಗೆ ಏನೂ ಆಗಿರಲಿಲ್ಲ. ಎಲ್ಲರೂ ಚಾಪೆಯ ಮೇಲೆ ಕೂತು ಕಾಗದದ ಲಕೋಟೆ ಅಂಟಿಸುತ್ತಿದ್ದರು. ನೋಡಿಕೊಳ್ಳಲು ಒಬ್ಬ ಆಯಾ, ಒಳ್ಳೆಯ ಹೆಂಗಸು. ‘ಟೀಚರ್ ಎಲ್ಲಮ್ಮಾ?’ ಎಂದು ಹೆಂಡತಿ ಕೇಳಿದಳು. ‘ಬರ್ತಾರೆ ಅಂತ ಹೇಳ್ತಿದ್ದಾರೆ, ಎರಡು ವರ್ಷದಿಂದ’ ಎಂದರು ಅವರು. ಮೂಲೆಯಲ್ಲಿ ಗಾಜಿನ ಬೀರು, ಅದರ ತುಂಬ ಚಿತ್ರದ ಪುಸ್ತಕಗಳು, ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿಲ್ಲ. ಬೀಗದ ಕೈ ನಿಮ್ಮ ಕಚೇರಿಯಲ್ಲಿದೆಯಂತೆ. ವಿಶೇಷ ಕಲಿಕೆ ಎಂದರೆ ಇದೇ ಇರಬೇಕು. ಕಲಿಕೆಯನ್ನು ಗಾಜಿನ ಹಿಂದೆ ನೋಡುವ ಅವಕಾಶ ಬೇರೆ ಶಾಲೆಗಳಲ್ಲಿ ಎಲ್ಲಿದೆ?

ಆಯಾ ಇನ್ನೊಂದು ಮಾತು ಹೇಳಿದರು. ಆ ಹದಿನೇಳು ಮಕ್ಕಳ ಅಪ್ಪ ಅಮ್ಮಂದಿರೂ ಅದೇ ಮೂರನೆಯ ಮೇಜಿನ ಮುಂದೆ ಸಹಿ ಹಾಕಿದವರಂತೆ. ಅವರಲ್ಲಿ ಒಂಬತ್ತು ಜನ ಹಾಕಿದ್ದು ಹೆಬ್ಬೆಟ್ಟು. ‘ಓದಿ’ ಎಂದು ಅವರಿಗೂ ಹೇಳಿರಬೇಕು ನಿಮ್ಮ ಗುಮಾಸ್ತರು. ಹೆಬ್ಬೆಟ್ಟು ಒತ್ತುವವರ ಮುಂದೆ ಎರಡು ಪುಟದ ಕಾಗದ ಇಟ್ಟು ಓದಿ ಎನ್ನಲು ಎಂಥ ಗುಂಡಿಗೆ ಬೇಕು! ನಿಮಗೆ ಒಪ್ಪಿಗೆ ಬೇಕಾಗಿರಲಿಲ್ಲ, ಒಪ್ಪಿಗೆಯ ಗುರುತು ಮಾತ್ರ ಬೇಕಾಗಿತ್ತು. ಯಾಕೆ ಬೇಕಾಗಿತ್ತು ಎಂಬುದೂ ಈಗ ನನಗೆ ತಿಳಿದಿದೆ. ಓದು ಬಾರದ ಮಕ್ಕಳು ಶಾಲೆಯ ಪಟ್ಟಿಯಲ್ಲಿ ಇರದಿದ್ದರೆ, ವರ್ಷದ ಕೊನೆಗೆ ನೂರಕ್ಕೆ ನೂರು ಮಕ್ಕಳೂ ಓದುತ್ತಾರೆ ಎಂದು ಮೇಲಕ್ಕೆ ವರದಿ ಕಳಿಸಬಹುದು. ಮಕ್ಕಳಿಗೆ ಓದು ಕಲಿಸಲು ವರ್ಷಗಟ್ಟಲೆ ಬೇಕು. ಮಕ್ಕಳನ್ನೇ ಪಟ್ಟಿಯಿಂದ ಅಳಿಸಲು ಒಂದು ಬುಧವಾರ ಸಾಕು.

ಇವಳಿಗೆ ನಿಜವಾಗಿಯೂ ಓದು ಬರುವುದಿಲ್ಲವಲ್ಲ, ಏನು ಮಾಡೋಣ, ಎಂದು ನೀವು ಕೇಳಬಹುದು. ಕೇಳಿ, ಒಳ್ಳೆಯ ಪ್ರಶ್ನೆ, ಒಂದು ವರ್ಷ ತಡವಾಗಿ ಬಂದಿದೆ ಅಷ್ಟೇ. ಅವಳ ತರಗತಿಯ ಟೀಚರು ಕೆಟ್ಟವರಲ್ಲ. ನಲವತ್ತೆಂಟು ಮಕ್ಕಳನ್ನು ಒಬ್ಬರೇ ಸುಧಾರಿಸುತ್ತಾರೆ. ‘ಇಂಥ ಮಕ್ಕಳಿಗೆ ಹೇಗೆ ಕಲಿಸ್ಬೇಕು ಅಂತ ನಂಗೆ ಯಾರೂ ಹೇಳ್ಕೊಟ್ಟಿಲ್ಲ. ಮೂರು ಸಲ ಬರೆದು ಕೇಳಿದೀನಿ, ಉತ್ತರ ಬಂದಿಲ್ಲ’ ಎಂದು ನನ್ನೆದುರು ಕಣ್ಣೀರು ಹಾಕಿದರು. ಆದರೂ ಒಂದು ಉಪಾಯ ಹೇಳಿದರು: ಸಾಲುಗಳೆಲ್ಲ ಒಟ್ಟಿಗೆ ಕಂಡರೆ ಕೆಲವು ಮಕ್ಕಳಿಗೆ ಗೊಂದಲವಾಗುತ್ತದೆ, ಒಂದೇ ಸಾಲು ಕಾಣುವಂತೆ ಮಾಡಿ ನೋಡಿ. ನಾನು ಬೋರ್ಡಿನ ಅಕ್ಷರಗಳಿಗೆ ಅಚ್ಚು ಕತ್ತರಿಸುವ ರಟ್ಟು ತೆಗೆದು, ಒಂದು ಸಾಲಿನ ಅಗಲಕ್ಕೆ ಕಿಂಡಿ ಕೊರೆದೆ. ಈಗ ದಿನಾ ಬೆಳಗ್ಗೆ, ಹೆಂಡತಿ ಕೆಲಸಕ್ಕೆ ಹೊರಡುವ ಮುಂಚೆ, ಹದಿನೈದು ನಿಮಿಷ ನಾವು ಮೂವರೂ ಅಡುಗೆಮನೆಯ ಮೇಜಿಗೆ ಕೂರುತ್ತೇವೆ. ಹೆಂಡತಿ ಟೀಚರು. ವಿದ್ಯಾರ್ಥಿಗಳು ಇಬ್ಬರು.

ಮೊದಲ ದಿನ ಬುಗುರಿ ಒಂದು ಸಾಲು ಓದಿ ಮುಗಿಸಲು ತೆಗೆದುಕೊಂಡ ಹೊತ್ತಿನಲ್ಲಿ ಹಾಲು ಉಕ್ಕಿಹೋಯಿತು. ಇವತ್ತು ಏಳು ಸಾಲು ಓದಿದಳು. ನಡುವೆ ನಾಲ್ಕು ಕಡೆ ನಿಂತಳು, ಎರಡು ಕಡೆ ಊಹಿಸಿದಳು, ಅತ್ತಳು, ಮತ್ತೆ ಓದಿದಳು. ನಾನು ಮೂರು ಸಾಲು. ಮೂರನೆಯ ಸಾಲಿನಲ್ಲಿ ತಡವರಿಸಿದಾಗ ಅವಳು ನನ್ನ ಬೆನ್ನು ತಟ್ಟಿ, ‘ಅವಸರ ಮಾಡ್ಬೇಡ ಅಪ್ಪಾ, ಅದು ಎಲ್ಲೂ ಓಡಿಹೋಗಲ್ಲ’ ಎಂದಳು. ನನ್ನ ಇಡೀ ಆಯುಷ್ಯದಲ್ಲಿ ಯಾವ ಮೇಷ್ಟ್ರೂ ನನಗೆ ಹೇಳದ ಮಾತನ್ನು, ನಿಮ್ಮ ಕಡತದಲ್ಲಿ ಅಕ್ಷರದ ಕಲ್ಪನೆಯೇ ಇಲ್ಲದ ಒಂದು ಮಗು ಹೇಳಿತು.

ಏಳು ಸಾಲು ದೊಡ್ಡ ಸಾಧನೆಯಲ್ಲ, ಗೊತ್ತು. ಅವಳ ಜೊತೆಯವರು ಪುಟಗಟ್ಟಲೆ ಓದುತ್ತಾರೆ. ಅವಳು ಅವರ ಸಮಕ್ಕೆ ಬರುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಬರದೆಯೂ ಹೋಗಬಹುದು. ಬರದಿದ್ದರೆ ಬೆಂಚು ಖಾಲಿ ಮಾಡಬೇಕು ಎಂದು ಎಲ್ಲಿ ಬರೆದಿದೆ? ಅವಳ ಪಕ್ಕ ಕೂರುವ ಗೆಳತಿ ಅವಳಿಗೆ ಪಾಠ ಓದಿ ಹೇಳುತ್ತಾಳೆ, ಇವಳು ಕೇಳಿದ್ದನ್ನು ಮರೆಯುವುದಿಲ್ಲ, ಅವಳಿಗೆ ಲೆಕ್ಕದಲ್ಲಿ ನೆರವಾಗುತ್ತಾಳೆ. ಆ ಗೆಳೆತನವನ್ನು ಲಕೋಟೆಯಲ್ಲಿ ಅಂಟಿಸಿ ಕಳಿಸಲಾಗುವುದಿಲ್ಲ. ಮತ್ತೆ ನಾನು ನಿಮಗೊಂದು ಭರವಸೆ ಕೊಡಬಲ್ಲೆ, ಅನುಭವದಿಂದ: ‘ಇವಳ ತಲೆಯಲ್ಲಿ ಏನೂ ಇಲ್ಲ’ ಎಂದು ಒಂದು ಸಲ ಹೊರಗೆ ಹಾಕಿಸಿಕೊಂಡ ಮಗು ವಯಸ್ಸು ನಲವತ್ತಾದರೂ ಜೇಬಿನಲ್ಲಿ ಇಲ್ಲದ ಕನ್ನಡಕ ಹುಡುಕುತ್ತಾ ಇರುತ್ತದೆ. ನನ್ನ ಮಗಳಿಗೆ ಆ ಬಾಳು ಬೇಡ. ಅದನ್ನು ತಪ್ಪಿಸಲು ನನ್ನ ಮಾನ ಬೀದಿಗೆ ಬಿದ್ದರೂ ಸರಿ, ಬಿದ್ದಿದೆ ನೋಡಿ.

ಈಗ ಕೇಳುತ್ತಿರುವುದು ಬೇಡಿಕೆ, ವಿನಂತಿ ಅಲ್ಲ. ವಿನಂತಿಗಳನ್ನು ನಿಮ್ಮ ಕಚೇರಿಯಲ್ಲಿ ಎಲ್ಲಿ ಇಡುತ್ತಾರೆ ಎಂದು ಟೀಚರಮ್ಮನಿಂದ ತಿಳಿಯಿತು. ನನ್ನ ಒಪ್ಪಿಗೆ ರದ್ದಾಗಬೇಕು, ಆದೇಶ ಹಿಂದಕ್ಕೆ ಹೋಗಬೇಕು. ಬುಗುರಿಯನ್ನು ಮತ್ತೊಮ್ಮೆ ಪರೀಕ್ಷಿಸಿ, ಬೇಡ ಎನ್ನುವುದಿಲ್ಲ. ಆದರೆ ಪ್ರಶ್ನೆಯನ್ನು ಓದಿ ಹೇಳಿ, ಬಾಯಲ್ಲಿ ಉತ್ತರ ಕೇಳಿ, ಹೊತ್ತು ಕೊಡಿ, ಅರ್ಥವಾಗದಿದ್ದರೆ ಕೆಂಪು ಪೆನ್ನು ತೆಗೆಯುವ ಮೊದಲು ಅವಳನ್ನೇ ಕೇಳಿ. ಓದು ಕಷ್ಟವಾದ ಮಕ್ಕಳಿಗೆ ಕಲಿಸುವುದು ಹೇಗೆಂದು ತಿಳಿದವರೊಬ್ಬರು ವಾರಕ್ಕೆ ಎರಡು ದಿನವಾದರೂ ಅವಳ ಶಾಲೆಗೇ ಬರಬೇಕು, ಆ ಟೀಚರಮ್ಮನಿಗೂ ಕಲಿಸಬೇಕು. ಕೇಂದ್ರದ ಬೀರುವಿನ ಬೀಗ ಈ ವಾರವೇ ತೆಗೆಯಬೇಕು, ಮೇಷ್ಟ್ರು ಬರಬೇಕು. ಅಲ್ಲಿರುವ ಹದಿನೇಳು ಮಕ್ಕಳ ಮನೆಯವರನ್ನು ಕರೆದು, ಅವರು ಯಾವುದಕ್ಕೆ ಒಪ್ಪಿದರು ಎಂಬುದನ್ನು ಅವರ ಎದುರಿಗೆ ಗಟ್ಟಿಯಾಗಿ ಓದಿ ಹೇಳಬೇಕು.

ನೀವು ಏನು ಮಾಡುತ್ತೀರೋ ಕಾದು ನೋಡಲು ನನಗೆ ಪುರಸೊತ್ತಿಲ್ಲ. ಸೋಮವಾರ ಬೆಳಗ್ಗೆ ಗಂಟೆ ಹೊಡೆಯುವ ಮುಂಚೆ ನನ್ನ ಮಗಳು ತನ್ನ ಶಾಲೆಯಲ್ಲಿ, ತನ್ನ ಬೆಂಚಿನಲ್ಲಿ, ತನ್ನ ಗೆಳತಿಯ ಪಕ್ಕ ಕೂತಿರುತ್ತಾಳೆ. ನಾನು ಗೇಟಿನ ಹತ್ತಿರ ಇರುತ್ತೇನೆ. ನನ್ನ ಜೊತೆ ಆ ಹದಿನೇಳು ಮಕ್ಕಳ ಅಪ್ಪ ಅಮ್ಮಂದಿರೂ ಇರುತ್ತಾರೆ, ಎಲ್ಲರ ಮನೆಗೂ ಹೋಗಿ ಹೇಳಿ ಬಂದಿದ್ದೇನೆ. ಅವಳನ್ನು ಎಬ್ಬಿಸಿ ಕರೆದೊಯ್ಯಬೇಕೆಂದಿದ್ದರೆ ಗುಮಾಸ್ತರನ್ನು ಕಳಿಸಬೇಡಿ, ನೀವೇ ಬನ್ನಿ. ಬರುವಾಗ ನಮ್ಮ ಒಪ್ಪಿಗೆ ಪತ್ರಗಳನ್ನೆಲ್ಲ ತನ್ನಿ. ಗೇಟಿನ ಮುಂದೆ ನಿಂತು ಒಂದೊಂದಾಗಿ ಓದಿ. ಕೊನೆಯ ಸಾಲಿನವರೆಗೂ ಓದಿ. ನಾವು ಅವಸರ ಮಾಡುವುದಿಲ್ಲ, ಅವುಗಳಲ್ಲಿ ಏನು ಬರೆದಿದೆ ಎಂದು ಮೊದಲ ಸಲ ಕೇಳುತ್ತಿರುತ್ತೇವೆ.

ಇಂತಿ,

ಊರಿನ ಅರ್ಧ ಬೋರ್ಡುಗಳನ್ನು ಬರೆದವನು, ಒಂದನ್ನೂ ಸರಾಗವಾಗಿ ಓದಲಾರದವನು

(ಹೆಂಡತಿ ಮೂರು ಸಲ ಓದಿ ಹೇಳಿದ್ದಾಳೆ, ಮೂರು ಸಲವೂ ಪೂರ್ತಿ ಕೇಳಿದ್ದೇನೆ. ಈ ಸಹಿಗೆ ನನ್ನ ಒಪ್ಪಿಗೆ ಇದೆ.)